ನೆಗೆಣ್ಣಿಯ ಪೇಡೆ

ಪುಣೆಯ ಸದಾಶಿವ ಪೇಠದ ಆ ಮನೆಯಲ್ಲಿ ಇಬ್ಬರು ಸೊಸೆಯರೂ ಒಟ್ಟಿಗೇ ಬಸುರಾದದ್ದು ಅತ್ತೆ ಚನ್ನಬಸವ್ವನಿಗೆ ಹಬ್ಬ, ಹಿರಿಸೊಸೆ ಶಿವಾನಿಗೆ ಮಾತ್ರ ಹೊಟ್ಟೆಯುರಿ. ಅವಳ ನೆಗೆಣ್ಣಿ, ಮೈಸೂರಿನ ಹುಡುಗಿ, ಕಿರಿಸೊಸೆ ಇಂಪನಾ, ಖರಾಡಿಯ ಆಫೀಸಿನಿಂದ ಬಂದವಳೇ ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಂಡು ಚಪ್ಪರಿಸುವಳು. ಅಷ್ಟು ತಿಂದರೂ ರಿಪೋರ್ಟು ಚೊಕ್ಕ! ಇತ್ತ ಶಿವಾನಿಗೆ ಐದನೇ ತಿಂಗಳಿಗೇ ಸಕ್ಕರೆ ಏರಿತ್ತು. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡು, ಒಂದು ರೊಟ್ಟಿ, ಮೆಂತ್ಯದ ಪಲ್ಯ ಅಷ್ಟೇ ತಿನ್ನಬೇಕು. ಸೂಜಿ ತೆಗೆದುಕೊಂಡ ಮೇಲೆ ಊಟ ತಡವಾಗಿ ಸಕ್ಕರೆ ಕುಸಿದರೆ ತಾಯಿಗೂ ಕೂಸಿಗೂ ಅಪಾಯ ಎಂದು ಡಾಕ್ಟರು ಹೆದರಿಸಿದ್ದರು. ಹಿಂದೆ ಒಂದು ಬಸಿರು ಕಳೆದುಕೊಂಡವಳು ಅವಳು. ಈ ಕೂಸಾದರೂ ಉಳಿಯಲಿ ಎಂದು ಬಾಯಿ ಕಟ್ಟಿದ್ದಳು. ಬಾಯಿ ಕಟ್ಟಬಹುದು, ಕಣ್ಣು ಕಟ್ಟಲಾದೀತೇ?

"ಇಷ್ಟು ವರ್ಷ ಈ ಮನ್ಯಾಗ ದುಡದಾಕಿ ನಾ. ನಿನ್ನೆ ಮೊನ್ನೆ ಬಂದಾಕಿಗೆ ತುಪ್ಪ, ನನಗ ಸೂಜಿ!" ಎಂದು ಗಂಡ ಬಸವಲಿಂಗನ ಮುಂದೆ ಸಿಡುಕುವಳು.

"ಆಕಿ ಏನ್ ಮಾಡ್ಯಾಳ, ಪಾಪ?"

"ಹೌದ್ರಿ, ನೀವೂ ಆಕಿ ಕಡೀನೇ!"

ಕುಬಸದ ದಿನ ಸೀಮಂತಕ್ಕೆಂದು ಇಬ್ಬರನ್ನೂ ಹೂವಿನ ಜೋಕಾಲಿಯಲ್ಲಿ ಕೂರಿಸಿದರು. ಇನ್ನೇನು ಊಟಕ್ಕೆ ಎಬ್ಬಿಸುತ್ತಾರೆಂದು ಶಿವಾನಿ ಒಳಗೆ ಹೋಗಿ ಇನ್ಸುಲಿನ್ ಚುಚ್ಚಿಕೊಂಡು ಬಂದಳು. ಅಷ್ಟರಲ್ಲಿ ನೆರೆಮನೆಯ ಮರಾಠಿ ಹೆಂಗಸರು ಹಾಡು ಶುರು ಮಾಡಿದರು. ಒಂದು ಮುಗಿದರೆ ಇನ್ನೊಂದು. ಮುತ್ತೈದೆಯರು ಮೊದಲ ತುತ್ತು ಉಣಿಸುವ ತನಕ ಬಸುರಿಯರು ಏನೂ ಮುಟ್ಟುವಂತಿಲ್ಲ. ಶಿವಾನಿಗೆ ಬೆವರೊಡೆಯಿತು, ಕೈ ನಡುಗಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಇಂಪನಾಳ ಪಕ್ಕದಲ್ಲಿ ಕೂತು ರೋಗಿಷ್ಟೆ ಅನಿಸಿಕೊಳ್ಳುವುದೇ? ಸತ್ತರೂ ಇಲ್ಲ! ನಡುಗುವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಆಮೇಲೆ ಪುಣೆಯವರ ಬಟ್ಟಲಾಟ. ಬೋರಲಿಟ್ಟ ಎರಡು ಬಟ್ಟಲು, ಒಂದರಡಿ ಪೇಡೆ, ಇನ್ನೊಂದರಡಿ ಬರ್ಫಿ. ಪೇಡೆ ಸಿಕ್ಕರೆ ಗಂಡು, ಬರ್ಫಿ ಸಿಕ್ಕರೆ ಹೆಣ್ಣು ಎಂದು ನಂಬಿಕೆ; ಸಿಕ್ಕಿದ್ದನ್ನು ಮಾತ್ರ ಆಗಲೇ ತಿನ್ನಬೇಕು. ಮೊದಲ ಸರದಿ ಇಂಪನಾಳದ್ದು, ಮತ್ತೆ ಯಾರದ್ದು! ಅವಳು ಎತ್ತಿದ ಬಟ್ಟಲಡಿ ಪೇಡೆಯೇ ಸಿಕ್ಕಿತು.

"ಗಂಡಸ ಮಗ ನೋಡವಾ! ಲಗೂನ ಬಾಯಾಗ ಹಾಕ್ಕೋ!" ಎಂದು ಚನ್ನಬಸವ್ವ ಕುಣಿದಾಡಿದಳು.

ಶಿವಾನಿಗೆ ಕಣ್ಣು ಕತ್ತಲೆಗಟ್ಟಿತು. ಹೊಟ್ಟೆಕಿಚ್ಚಿಗೋ, ಸಕ್ಕರೆ ಇಳಿದದ್ದಕ್ಕೋ, ಅವಳಿಗೇ ತಿಳಿಯಲಿಲ್ಲ. ಜೋಕಾಲಿಯ ಹಗ್ಗ ಕೈಜಾರಿತು.

"ಅಕ್ಕಾ! ಬಾಯಿ ತೆಗೀರಿ!" ಇಂಪನಾ ಅವಳನ್ನು ತಬ್ಬಿ ಹಿಡಿದು ಆ ಪೇಡೆಯನ್ನೇ ಬಾಯಿಗೆ ತುರುಕಿದಳು. "ಬೇಗ ಸಕ್ಕರೆ ನೀರು ತನ್ನಿ. ಶುಗರ್ ಲೋ ಆಗಿದೆ, ನಮ್ಮಮ್ಮಂಗೂ ಹಿಂಗೇ ಆಗುತ್ತೆ."

"ಅಯ್ಯ, ಗಂಡಸ ಮಗನ ಪೇಡೆ ಕೊಟ್ಟ ಬಿಟ್ಟೆಲ್ಲವಾ!" ಅತ್ತೆ ಎದೆ ಬಡಿದುಕೊಂಡಳು.

"ಹೋಗ್ಲಿ ಬಿಡಿ ಅತ್ತೆ. ಅಕ್ಕನ ಪಾಪು ಚೆನ್ನಾಗಿರ್ಲಿ."

ಸಕ್ಕರೆ ನೀರು ಕುಡಿದ ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮೇಲೆ ಬಂದಿತ್ತು. ಆದರೂ ಶಿವಾನಿ ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಕೂಸು ಒದೆಯಿತು. ಅವಳಿಗೆ ಅಳು ಬಂತು.

ಇಂಪನಾ ತಾನೇ ರೊಟ್ಟಿ ಮುರಿದು ಅವಳಿಗೆ ಉಣಿಸತೊಡಗಿದಳು. ಎಂಥ ದೊಡ್ಡ ಮನಸ್ಸಪ್ಪಾ ಎಂದು ನೆರೆದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಶಿವಾನಿ ತುತ್ತು ನುಂಗುತ್ತ ಅವಳ ಮುಖ ನೋಡಿದಳು. ಹೋಳಿಗೆ ಅವಳಿಗೆ, ತುಪ್ಪ ಅವಳಿಗೆ, ಹೋಗಲಿ. ಈ ಮನಸ್ಸನ್ನೂ ದೇವರು ಅವಳಿಗೇ ಕೊಡಬೇಕಿತ್ತೇ?

"ಇನ್ನೊಂದ್ ತುತ್ತು ಹಾಕು," ಎಂದು ಬಾಯಿ ತೆರೆದಳು.