ಬಟ್ಟೆ ಮಡಚುವ ಶಿಕ್ಷೆ

ಆ ಭಾನುವಾರ ಮಧ್ಯಾಹ್ನ ನನ್ನ ದೊಡ್ಡ ಮಗಳು ಮಂಚದ ಮೇಲೆ ಕೂತು, ಒಣಗಿದ ಬಟ್ಟೆ ಮಡಚುತ್ತಿದ್ದಳು. ಅದು ಅವಳಿಗೆ ಸಿಕ್ಕ ಶಿಕ್ಷೆ.

ನಮ್ಮ ಮನೆಯಲ್ಲಿ ಒಂದು ನಿಯಮವಿತ್ತು. ಹೊಸ್ತಿಲ ಒಳಗೆ ಕನ್ನಡ ಮಾತ್ರ. ಯಾರ ಬಾಯಿಂದ ತೆಲುಗು ಬಂತೋ ಅವರು ಅವತ್ತಿನ ಬಟ್ಟೆಯನ್ನೆಲ್ಲ ಮಡಚಬೇಕು. ನಿಯಮ ಮಾಡಿದವನು ನಾನು. ಈ ತೆಲುಗು ಊರಿನಲ್ಲಿ, ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮುಂದೆ ನಿಂತು ಹಗಲೆಲ್ಲ ತೆಲುಗು, ಹಿಂದಿ ಆಡುತ್ತೇನೆ. ಮನೆಯಲ್ಲೂ ಅದೇ ಆದರೆ ಮಕ್ಕಳು ರಾಯಚೂರಿನ ಅಜ್ಜಿಯ ಹತ್ತಿರ ಏನು ಮಾತಾಡಿಯಾರು ಎಂದು ನನಗೆ ಭಯವಿತ್ತು.

ನಿಯಮ ನನಗೂ ಇತ್ತು. ಮೇಸ್ತ್ರಿಯ ಫೋನ್ ಬಂದರೆ ಊಟದ ತಟ್ಟೆ ಬಿಟ್ಟು ಮೆಟ್ಟಿಲ ಮೇಲೆ ಹೋಗಿ ನಿಂತು ಮಾತಾಡುತ್ತಿದ್ದೆ. ದೊಡ್ಡವಳು ಬಾಗಿಲಿಗೆ ಒರಗಿ ನಗುತ್ತಿದ್ದಳು. "ಅಪ್ಪಾ, ನೀವು ಚಪ್ಪಲಿ ಬಿಡೋ ಜಾಗದಾಗ ತೆಲುಗೂ ಬಿಟ್ಟು ಬರ್ತೀರಿ. ಯಾರರ ಕದ್ದುಕೊಂಡು ಹೋದಾರು ನೋಡ್ರಿ!"

ಬೇಕೆಂದೇ ನಿಯಮ ಮುರಿಯುವವಳೂ ಅವಳೇ. ಮಡಚುವುದರಲ್ಲಿ ಭಾರಿ ಅಚ್ಚುಕಟ್ಟು. ನನ್ನ ಅಂಗಿಗಳನ್ನು ಅಂಗಡಿಯಲ್ಲಿ ಇಟ್ಟ ಹಾಗೆ ಕಾಲರ್ ಮೇಲೆ ಮಾಡಿ ಇಡುತ್ತಿದ್ದಳು. ಅವಳ ತಂಗಿ, ಎಂಟನೇ ಕ್ಲಾಸಿನವಳು, ಸಿಕ್ಕಿಬಿದ್ದಾಗ ಎಲ್ಲವನ್ನೂ ಉಂಡೆ ಕಟ್ಟಿ ಬೀರುವಿಗೆ ತುರುಕುತ್ತಿದ್ದಳು.

ದೊಡ್ಡವಳಿಗೆ ಹದಿನೇಳು. ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಓದುತ್ತಿದ್ದಳು. ಕಾಲೇಜು ಮುಗಿಸಿ ಮೆಟ್ರೋದಲ್ಲಿ ದಿಲ್‌ಸುಖ್‌ನಗರದ ಕೋಚಿಂಗಿಗೆ ಹೋಗಿ, ಕತ್ತಲಾದ ಮೇಲೆ ಬರುತ್ತಿದ್ದಳು. ಆ ತಿಂಗಳು ಮಾತು ಕಡಿಮೆಯಾಗಿತ್ತು, ನಿದ್ದೆ ಕಡಿಮೆಯಾಗಿತ್ತು. ಓದಿನ ದಣಿವು ಅಂದುಕೊಂಡೆವು.

ಆ ಮಧ್ಯಾಹ್ನ ನಾನು ಮಿಕ್ಸಿಯ ಪ್ಲಗ್ ಬಿಚ್ಚಿ ರಿಪೇರಿ ಮಾಡುತ್ತಿದ್ದೆ. ಅವಳು ಟವೆಲ್ ಹಿಡಿದುಕೊಂಡು, ತಲೆ ಎತ್ತದೆ ತೆಲುಗಿನಲ್ಲಿ ಹೇಳಿದಳು: "ನಾನ್ನಾ, ನಾಕು ಮನಸು ಬಾಗಾಲೇದು."

ಮನಸ್ಸು ಚೆನ್ನಾಗಿಲ್ಲ ಅಂದಳು. ಅರ್ಥವಾಗಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

"ಮತ್ತ ತೆಲುಗಾ? ನಾಳಿನ ಬಟ್ಟಿನೂ ನಿನಗಽ," ಅಂದೆ, ನಗುತ್ತ. "ಕನ್ನಡದಾಗ ಹೇಳು ನನ್ನವ್ವಾ."

ಅವಳು ನನ್ನ ಕಡೆ ನೋಡಿದಳು. "ಏನಿಲ್ರಿ ಅಪ್ಪಾ," ಅಂದು ಟವೆಲ್ ಮಡಚಿದಳು. ನಾನು ಪ್ಲಗ್ಗಿನ ಸ್ಕ್ರೂ ತಿರುಗಿಸಿದೆ.

ಬುಧವಾರ ಅವಳು ತನ್ನ ಜೀವ ತಾನೇ ಕಳೆದುಕೊಂಡಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಕನ್ನಡವೂ ಇಲ್ಲ, ತೆಲುಗೂ ಇಲ್ಲ ಅನ್ನುವಂತಾಯಿತು. ನನ್ನ ಹೆಂಡತಿ ಅನ್ನ ಹಾಕುವಳು, ನಾವು ಉಣ್ಣುವೆವು. ಚಿಕ್ಕವಳೂ ಉಣ್ಣುವಳು. ಬಟ್ಟೆ ಕುರ್ಚಿಯ ಮೇಲೆ ರಾಶಿ ಬೀಳುತ್ತಿತ್ತು.

ಐದಾರು ತಿಂಗಳ ನಂತರ ಚಿಕ್ಕವಳ ಶಾಲೆಯಿಂದ ತಾಯಿತಂದೆಯರನ್ನು ಕರೆದರು. ದೊಡ್ಡವಳೂ ಹತ್ತರವರೆಗೆ ಓದಿದ ಶಾಲೆ ಅದು. ಲೈಬ್ರರಿಯ ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬ ಮೇಡಮ್ಮನ್ನು ಕೂರಿಸಿದ್ದರು. ಯಾವ ಮಗು ಬೇಕಾದರೂ ಹೋಗಿ ಮಾತಾಡಬಹುದು. ಚೀಟಿ ಬೇಡ, ಕಾರಣ ಹೇಳಬೇಕಾಗಿಲ್ಲ. ಮೇಡಂ ನಮಗೆಲ್ಲ ತೆಲುಗಿನಲ್ಲೇ ವಿವರಿಸಿದರು. ಮಗು ಮನಸ್ಸಿನ ಮಾತು ಎತ್ತಿದರೆ ಕೈಯಲ್ಲಿರುವ ಕೆಲಸ ಕೆಳಗಿಡಿ. ಸಾಯಬೇಕು ಅನಿಸುತ್ತಿದೆಯಾ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಒಬ್ಬರೇ ಹೊತ್ತದ್ದನ್ನು ಇಳಿಸಲು ಜಾಗ ಸಿಗುತ್ತದೆ.

ನಾನು ಕೊನೆಯ ಬೆಂಚಿನಲ್ಲಿದ್ದೆ. ಎಲ್ಲರೂ ಹೋದ ಮೇಲೂ ಏಳಲಾಗಲಿಲ್ಲ. ಮೇಡಂ ಬಂದು ಪಕ್ಕದಲ್ಲಿ ಕೂತರು. ಮಿಕ್ಸಿ, ಪ್ಲಗ್, ಟವೆಲ್, ಎಲ್ಲವನ್ನೂ ಹೇಳಿದೆ. ಹೆಂಡತಿಗೂ ಅದುವರೆಗೆ ಹೇಳಿರಲಿಲ್ಲ.

ಒಂದು ಮಾತಿನಿಂದ ಒಂದು ಜೀವ ಹೋಗುವುದಿಲ್ಲ, ಅದರ ಹಿಂದೆ ಎಷ್ಟೋ ಇರುತ್ತವೆ, ಅಂದರು ಅವರು. ಆಮೇಲೆ ಚಿಕ್ಕವಳು ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿ ಊಟ ಮಾಡುತ್ತಾಳೆ ಅಂದೆ.

"ಊಟದ ವಿಷಯ ನಾನು ಕೇಳಲಿಲ್ಲವಲ್ಲ," ಅಂದರು.

ಆ ನೇರ ಪ್ರಶ್ನೆಯನ್ನು ಚಿಕ್ಕವಳಿಗೆ ನಾನೇ ಕೇಳಬೇಕು ಎಂದು ಅವರು ಹೇಳಿ ಕಳಿಸಿದರು. ನಾಲ್ಕು ದಿನ ಆಗಲಿಲ್ಲ. ಅವಳು 'ಹೌದು' ಅಂದುಬಿಟ್ಟರೆ ಏನು ಮಾಡುವುದು? ಇನ್ನೊಬ್ಬ ಮಗಳೂ ಕೈಬಿಟ್ಟು ಹೋದರೆ? ಆ ನಾಲ್ಕು ದಿನ ಲೇತಿನ ಮುಂದೆ ಬೇರೆ ಯೋಚನೆಯೇ ಇರಲಿಲ್ಲ.

ಐದನೇ ದಿನ ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ತುಂಬಾ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೋಗ್ರಿ, ಕೇಳ್ರಿ. ನಾನೂ ಇಲ್ಲೇ ಕುಂದರ್ತೀನಿ," ಅಂದಳು.

ಚಿಕ್ಕವಳು ಕುರ್ಚಿಯ ರಾಶಿಯಿಂದ ತನ್ನ ಯೂನಿಫಾರ್ಮ್ ಎಳೆಯುತ್ತಿದ್ದಳು. ನಾನು ಮಂಚದ ಮೇಲೆ ಕೂತು, ನಮ್ಮ ಮನೆಯೊಳಗೆ ಮೊದಲ ಸಲ, ತೆಲುಗಿನಲ್ಲಿ ಕೇಳಿದೆ. ನಿನ್ನ ಮನಸ್ಸು ಹೇಗಿದೆಯಮ್ಮ? ಸಾಯಬೇಕು ಅಂತ ಯಾವಾಗಾದರೂ ಅನಿಸುತ್ತದೆಯಾ?

ಅವಳು ಬಾಯಿ ತೆರೆದು ನಿಂತಳು. "ಅಪ್ಪಾ! ತೆಲುಗು! ಇವತ್ತಿನ ಬಟ್ಟಿ ಎಲ್ಲಾ ನೀವಽ ಮಡಚ್ರಿ!"

"ಮಡಚ್ತೀನವ್ವಾ. ನೀ ಹೇಳು."

ನಾನು ಒಂದು ಅಂಗಿ ತೆಗೆದುಕೊಂಡೆ. ಅವಳು ನಗುತ್ತಲೇ ಇದ್ದಳು. ಹಾಗೇ ಅಳು ಬಂತು. ಯೂನಿಫಾರ್ಮ್ ಎದೆಗೆ ಒತ್ತಿಕೊಂಡು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೇಳಿದಳು. ಸಾಯಬೇಕು ಅನಿಸುವುದಿಲ್ಲವಂತೆ. ಆದರೆ ಶಾಲೆಯಲ್ಲಿ ಎದೆ ಡವಗುಟ್ಟುತ್ತದೆ, ಕ್ಲಾಸಿನಲ್ಲಿ ಕೂರಲಾಗುವುದಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ. "ಮತ್ತ ನೀವಿಬ್ಬರೂ ಅಕ್ಕನ ಸುದ್ದಿನ ತೆಗಿಯಂಗಿಲ್ಲ. ಅಕಿ ಇರಲೇ ಇಲ್ಲೇನೋ ಅನ್ನೋ ಹಂಗ ಇರ್ತೀರಿ. ನಾ ಯಾರ ಮುಂದ ಹೇಳ್ಲಿ?"

ಅವಳ ಅವ್ವ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. ನಾನು ಮಡಚಿದ ಅಂಗಿ ನೋಡಿ ಚಿಕ್ಕವಳು ಮೂಗು ಒರೆಸಿಕೊಂಡು, "ಇದೇನ್ರಿ ಅಪ್ಪಾ, ಅಕ್ಕ ನೋಡಿದ್ರ ಬೈತಿದ್ಲು," ಅಂದಳು. ಅವತ್ತು ಅನ್ನ ಆರುವವರೆಗೂ ನಾವು ಮೂವರೂ ದೊಡ್ಡವಳ ಮಾತೇ ಆಡಿದೆವು.

ಮರುದಿನದಿಂದ ಚಿಕ್ಕವಳು ಮೇಡಂ ಕೋಣೆಗೆ ಹೋಗತೊಡಗಿದಳು. ಮೊದಲ ದಿನ ನಾನೂ ಜೊತೆಗೆ ಹೋಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಈಗ ಅವಳಿಗೆ ನಿದ್ದೆ ಬರುತ್ತದೆ. ಶಾಲೆಯಲ್ಲಿ ಹೊಸದಾಗಿ ಸೇರಿದ ಮಕ್ಕಳ ತಾಯಿತಂದೆಯರನ್ನು ಕರೆದಾಗ ಮೇಡಂ ನನ್ನನ್ನೂ ಕರೆಯುತ್ತಾರೆ. ಭಾಷಣ ನನಗೆ ಬರುವುದಿಲ್ಲ. ನಮ್ಮ ಮನೆಯ ನಿಯಮ ಏನಿತ್ತು, ಅದನ್ನು ಹೇಗೆ ಮುರಿದೆವು ಎಂದಷ್ಟೇ ಹೇಳಿ ಕೂರುತ್ತೇನೆ.

ಬಟ್ಟೆ ಈಗ ದಿನವೂ ನಾನೇ ಮಡಚುತ್ತೇನೆ. ಕಾಲರ್ ದೊಡ್ಡವಳು ಕೂರಿಸುತ್ತಿದ್ದ ಹಾಗೆ ಕೂರುವುದಿಲ್ಲ.

ಆ ಭಾನುವಾರ, ಮನಸ್ಸು ಚೆನ್ನಾಗಿಲ್ಲ ಅಂದ ಮೇಲೆ ಅವಳು ಮುಂದೆ ಏನು ಹೇಳುವವಳಿದ್ದಳೋ, ಅದು ನನಗೆ ಇನ್ನೂ ಗೊತ್ತಿಲ್ಲ.