ಮಾವಿನ ಚಿಗುರಿನ ಬಣ್ಣದ ಸೈಕಲ್ಲು

ಓಡುತ್ತಿರುವ ಬಸ್ಸು ಗಕ್ಕನೆ ನಿಂತಾಗ ಏಳುವ ಸುಟ್ಟ ವಾಸನೆ ನಿಮಗೂ ಗೊತ್ತಿರುತ್ತದೆ. ಇವತ್ತು ಬೆಳಿಗ್ಗೆ ಜೆ.ಪಿ. ನಗರದ ಸಿಗ್ನಲ್ಲಿನಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ನಾನು ಸೈಕಲ್ಲಿನ ಮೇಲೆಯೇ ಕಾಲೂರಿ ನಿಂತುಬಿಟ್ಟೆ. ದೀಪ ಹಸಿರಾದದ್ದೂ ತಿಳಿಯಲಿಲ್ಲ. "ಹೋಗ್ತೀರೋ, ಇಲ್ಲೇ ಪೂಜೆಗೆ ಕೂತ್ಕೋತೀರೋ ಸಾರ್?" ಎಂದು ಆಟೋದವನು ಕೂಗಿದ. ಹಿಂದಿನಿಂದ ತಮ್ಮ ಸೈಕಲ್ಲಿನಲ್ಲಿ ಬರುತ್ತಿದ್ದ ರಂಗಣ್ಣ ಇಳಿದು ಬಂದು ನನ್ನನ್ನು ಫುಟ್‌ಪಾತಿನ ಪಕ್ಕಕ್ಕೆ ಕರೆತಂದರು.

ರಂಗಣ್ಣ ನಮ್ಮ ಆಫೀಸಿನ ಸ್ಟೋರ್ಸ್ ವಿಭಾಗದವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಇಬ್ಬರ ಮನೆಯೂ ಅರೆಕೆರೆಯಲ್ಲೇ. ಅವರ ವಿಷಯ ಹೇಳಬೇಕಾದರೆ ಮೊದಲು ನನ್ನ ಸೈಕಲ್ಲಿನ ವಿಷಯ ಹೇಳಬೇಕು. ನೋಡಿ, ಈಗಲೂ ಸೈಕಲ್ಲೇ ಮೊದಲು ಬರುತ್ತದೆ.

ಎರಡು ವರ್ಷದ ಹಿಂದೆ ಆಫೀಸಿನಲ್ಲಿ ಸೈಕಲ್ ಯೋಜನೆ ಶುರುವಾಯಿತು. ಪಟ್ಟಿಯಲ್ಲಿ ಒಂದನ್ನು ಆರಿಸಿಕೊಂಡರೆ ಆಫೀಸೇ ಕೊಡಿಸಿ, ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದುಕೊಳ್ಳುತ್ತದೆ. ಆ ಪಟ್ಟಿಯನ್ನು ನಾನು ಮೂರು ವಾರ ಪಂಚಾಂಗದಂತೆ ತಿರುವಿ ಹಾಕಿದೆ. ಅಗ್ಗದ್ದು ಎಲ್ಲರ ಹತ್ತಿರವೂ ಇರುತ್ತದೆ. ದುಬಾರಿಯದಕ್ಕೆ ಮನೆಯಲ್ಲಿ ಸಮಜಾಯಿಷಿ ಕೊಡಬೇಕು. ನನಗೆ ನಡುವಿನ ಬೆಲೆಯದೇ ಬೇಕಿತ್ತು, ಆದರೆ ನೋಡಿದವರು ಇನ್ನೊಮ್ಮೆ ತಿರುಗಿ ನೋಡಬೇಕಿತ್ತು. ಕೊನೆಗೆ ಸಿಕ್ಕಿತು: ತೆಳ್ಳನೆಯ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಮಾವಿನ ಎಳೆ ಚಿಗುರಿನ ತಾಮ್ರದ ಬಣ್ಣ. ಅಂಗಡಿಯವನು ಸ್ಟ್ಯಾಂಡ್ ಹಾಕಿಸಲೇ ಎಂದು ಕೇಳಿದಾಗ ನನಗೆ ಅವಮಾನವಾದಂತಾಯಿತು. ಗೋಡೆಗೆ ಒರಗಿಸುವಾಗ ಬಣ್ಣ ಹೋಗದಿರಲೆಂದು ನಡುವೆ ಕರ್ಚೀಫು ಇಡುತ್ತಿದ್ದೆ.

ಹೀಗೆ ನಾನು ಆಫೀಸಿನ ಸೈಕಲ್ ಪಂಡಿತನಾದೆ. ರಂಗಣ್ಣನಿಗೆ ಆಗಷ್ಟೇ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ಡಾಕ್ಟರು ಹೇಳಿದರೆಂದು ಅವರೂ ಫಾರಂ ತುಂಬಿದರು. ಅಗಲ ಟೈರು, ಸ್ಟ್ಯಾಂಡು, ಕ್ಯಾರಿಯರ್ ಇರುವ ಸೈಕಲ್ಲಿಗೆ ಗುರುತು ಹಾಕಿದ್ದರು.

"ರಂಗಣ್ಣ, ಅದು ಹಾಲು ಹಾಕೋರ ಸೈಕಲ್ಲು" ಎಂದೆ, ಎಲ್ಲರ ಮುಂದೆ.

"ಮತ್ತೆ ನನ್ನ ಊಟದ ಡಬ್ಬಿ ಎಲ್ಲಿಡ್ಲಿ ಗುರುಗಳೇ? ನಿಮ್ಮ ಟಗರಿನ ಕೊಂಬಿಗೆ ನೇತಾಕ್ಲಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಚುಚ್ಚಿತು. ಮರುದಿನ ಬೆಳಿಗ್ಗೆಯೇ ನನ್ನ ಸೈಕಲ್ಲನ್ನು ಅವರ ಮನೆ ಬಾಗಿಲಿಗೆ ಒಯ್ದೆ. "ಒಂದು ರೌಂಡ್ ಹೊಡೀರಿ, ಆಮೇಲೆ ಫಾರಂ ಕೊಡಿ" ಎಂದೆ. "ಬೇಡ, ನನಗೆ ಹಿಡಿತ ಸಿಗಲ್ಲ" ಎಂದು ಅವರು ಎರಡು ಸಲ ಹೇಳಿದರು. "ನಾನಿದೀನಲ್ಲ" ಎಂದೆ.

ಮುಖ್ಯರಸ್ತೆಯ ಅಂಚಿನಲ್ಲಿ ಮಳೆನೀರು ಇಳಿಯಲು ಕಬ್ಬಿಣದ ಜಾಲರಿ ಹಾಕಿರುತ್ತಾರಲ್ಲ, ಅದರ ಸಂದಿಗೆ ತೆಳ್ಳನೆಯ ಮುಂದಿನ ಟೈರು ಸಿಕ್ಕಿಕೊಂಡಿತು. ರಂಗಣ್ಣ ರಸ್ತೆಯ ಕಡೆಗೆ ಬಿದ್ದರು. ಹಿಂದೆಯೇ ಬಸ್ಸು. ಬ್ರೇಕಿನ ಕಿರುಚಾಟ, ಆ ವಾಸನೆ. ಬಸ್ಸಿನ ಚಕ್ರಕ್ಕೂ ಅವರ ತಲೆಗೂ ನಡುವೆ ಒಂದು ಗೇಣು ಉಳಿದಿತ್ತು. ನಾನು ಓಡಿದೆ.

ಇಲ್ಲಿಯತನಕ ಹೇಳುವುದು ಸುಲಭ. ಓಡಿದವನು ಮಾಡಿದ್ದೇನೆಂದರೆ, ಸೈಕಲ್ಲನ್ನು ಎತ್ತಿದೆ. ಎತ್ತಿ ನಿಲ್ಲಿಸಿ, ಗೀರು ಬಿದ್ದಿದೆಯೇ ಎಂದು ಬೆರಳಾಡಿಸಿ ನೋಡಿದೆ. ಸೊಪ್ಪು ಮಾರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಬಿಟ್ಟು ಬಂದು ರಂಗಣ್ಣನ ಕಂಕುಳಿಗೆ ಕೈಹಾಕಿ ಎಳೆಯುತ್ತಿದ್ದಳು. "ಥೂ, ಏನ್ ಮನ್ಷನಯ್ಯಾ ನೀನು! ಸೈಕಲ್ ಒರೆಸ್ಕೊಂಡು ನಿಂತಿದೀಯಲ್ಲ, ಬಂದು ಕಾಲು ಹಿಡ್ಕೋ!" ಎಂದಳು. ಆಗ ಹೋಗಿ ಹಿಡಿದೆ.

ಮೊಣಕೈ, ಮಂಡಿ ತರಚಿದ್ದು ಬಿಟ್ಟರೆ ಅವರಿಗೇನೂ ಆಗಲಿಲ್ಲ. ಮರುದಿನ ಬ್ಯಾಂಡೇಜು ಸುತ್ತಿಕೊಂಡೇ ಆಫೀಸಿಗೆ ಬಂದು, "ಇವರು ಎಳೀದೇ ಇದ್ದಿದ್ರೆ ನಾನಿವತ್ತು ಗೋಡೆ ಮೇಲೆ ಫೋಟೋ ಆಗಿರ್ತಿದ್ದೆ" ಎಂದು ಎಲ್ಲರಿಗೂ ಹೇಳಿದರು. ನಾನು ತಿದ್ದಲಿಲ್ಲ. ಮುಗುಳ್ನಕ್ಕೆ. ಅವರ ಹೆಂಡತಿ ಒಂದು ಡಬ್ಬಿ ಕೋಡುಬಳೆ ಕಳಿಸಿದರು. ಅದನ್ನೂ ತಿಂದೆ. ಚೆನ್ನಾಗಿತ್ತು, ಅದೇ ಕಷ್ಟ. ಅವರು ತಾವು ಗುರುತು ಹಾಕಿದ್ದ ಸೈಕಲ್ಲನ್ನೇ ತೆಗೆದುಕೊಂಡರು. ಅಂದಿನಿಂದ ದಿನಾ ಒಟ್ಟಿಗೇ ಹೋಗುತ್ತೇವೆ, ನಾನು ಮುಂದೆ, ಅವರು ಹಿಂದೆ. ಹೊಸಬರು ಯಾರು ಸೇರಿದರೂ ಅವರಿಗೆ ನನ್ನನ್ನು ಪ್ರಾಣ ಉಳಿಸಿದವನೆಂದೇ ಪರಿಚಯ ಮಾಡಿಸುತ್ತಾರೆ. ಆಗೆಲ್ಲ ನಾನು ಫೋನು ನೋಡುವುದನ್ನು ಕಲಿತಿದ್ದೇನೆ.

ಇವತ್ತು ಆ ಫುಟ್‌ಪಾತಿನ ಮೇಲೆ ನಿಂತು ಹೇಳಿಬಿಟ್ಟೆ. "ರಂಗಣ್ಣ, ಅವತ್ತು ನಾನು ಮೊದಲು ಎತ್ತಿದ್ದು ನಿಮ್ಮನ್ನಲ್ಲ."

ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. "ಗೊತ್ತು" ಎಂದರು. "ಬಿದ್ದಿದ್ದೆ ಅಷ್ಟೇ, ಕಣ್ಣು ಬಿಟ್ಕೊಂಡೇ ಇದ್ದೆ."

"ಮತ್ತೆ ಎಲ್ಲರ ಹತ್ರ ಯಾಕೆ ಹಾಗೆ..."

"ಮನೇಲಿ ಬಿಡ್ಬೇಕಲ್ಲ. ಜೊತೇಲಿ ಕಾಪಾಡೋರು ಒಬ್ರಿದಾರೆ ಅಂದ್ಮೇಲೇ ನಮ್ಮನೆಯವಳು ಸೈಕಲ್ಲಿಗೆ ಒಪ್ಪಿದ್ದು. ಮನೇಲೊಂದು, ಆಫೀಸಲ್ಲೊಂದು ಹೇಳೋಕಾಗುತ್ತಾ?"

ಗುರುಗಳೇ ಎನ್ನಲಿಲ್ಲ. ನಗಲೂ ಇಲ್ಲ. ಹೋಗಲಿ ಬಿಡಿ ಎಂದಾದರೂ ಅನ್ನಬಹುದೆಂದು ಕಾದೆ. ಅದನ್ನೂ ಅನ್ನದೆ ಸೈಕಲ್ ಹತ್ತಿ ಮುಂದೆ ಹೊರಟರು.

ಮೊದಲ ಸಲ ನಾನು ಅವರ ಹಿಂದೆ ಹೋದೆ. ಅವರ ನಿಧಾನಕ್ಕೆ ಹೊಂದಿಕೊಂಡು ತುಳಿಯುವುದು ಎಷ್ಟು ಕಷ್ಟ ಎಂದು ಈಗ ತಿಳಿಯಿತು. ಕಣ್ಣು ಪೂರ್ತಿ ಅವರ ಮುಂದಿನ ರಸ್ತೆಯ ಮೇಲಿತ್ತು. "ಎಡಗಡೆ ಗುಂಡಿ, ರಂಗಣ್ಣ!" ಎಂದು ಕೂಗಿದೆ.

"ನೋಡಿದೆ" ಎಂದರು, ತಿರುಗದೆ.