ಓಲಗದವನ ಗಂಟು

ಯುದ್ಧದ ಕಾಲ. ಮುಳಬಾಗಿಲಿನ ನಮ್ಮ ಬೀದಿಯ ಓಲಗದವನು ಏನು ಕೇಳಿದರೂ ಮೀಸೆ ಒರೆಸಿಕೊಂಡು, "ಅದ್ಕೇನಂತೆ" ಅನ್ನುತ್ತಿದ್ದ. ಅವನ ಕಿವಿಯ ಕೆಳಗೊಂದು ಗಂಟೆದ್ದಿತು. ಪ್ರಾಣ ತೆಗೆಯುವ ಗಂಟಲ್ಲ, ಸುಟ್ಟರೆ ಹೋಗುತ್ತೆ ಎಂದು ಬೆಂಗಳೂರಿನ ಡಾಕ್ಟರು ರೇಡಿಯಂ ಇಟ್ಟು ಸುಟ್ಟರು. ವರ್ಷದೊಳಗೆ ಅದು ಮತ್ತೆ ಬೆಳೆಯಿತು.

ಇನ್ನೊಮ್ಮೆ ಸುಟ್ಟರೆ ಚರ್ಮ ತಡೆಯುವುದಿಲ್ಲ, ಕೊಯ್ದರೆ ಬಾಯಿ ಸೊಟ್ಟಗಾದೀತು ಎಂದರಂತೆ ಡಾಕ್ಟರು. ಸೊಟ್ಟ ಬಾಯಲ್ಲಿ ಊದುವುದು ಹೇಗೆ?

"ಗಂಟು ಇಟ್ಕೊಂಡೇ ಊದಯ್ಯ," ಅಂದೆ ನಾನು.

"ದವಡೆ ತೆರೆಯೋಕೇ ಬಿಡ್ತಿಲ್ಲ ಅಮ್ಮಣ್ಣಿ. ಕೊಯ್ತಾರಂತೆ, ಅದ್ಕೇನಂತೆ."

ಆಸ್ಪತ್ರೆಗೆ ನಾಗಸ್ವರವನ್ನೂ ಒಯ್ದು, ಡಾಕ್ಟರ ಮುಂದೆಯೇ ಕೆನ್ನೆ ಉಬ್ಬಿಸಿ ಊದಿದನಂತೆ. "ಉಬ್ಬೋ ಕಡೆ ನೋಡ್ಕೊಳ್ಳಿ ಸ್ವಾಮಿ, ಅಲ್ಲಿ ಕತ್ತಿ ಹುಷಾರು," ಎಂದನಂತೆ.

ಗಂಟು ಕೊಯ್ದ ಮೂರು ತಿಂಗಳಿಗೆ ನನ್ನ ನಾದಿನಿಯ ಧಾರೆಗೆ ಬಂದು ಊದಿದ. ಎರಡು ಕೆನ್ನೆಯೂ ಸಮನಾಗಿ ಉಬ್ಬಿದವು. ತಾಳಿ ಕಟ್ಟಿ ಆಯಿತು, ಸಾಕು ನಿಲ್ಲಿಸು ಎಂದು ಪುರೋಹಿತರು ಮೂರು ಸಲ ಕೈ ಬೀಸಿದರು. ಅವನು ನಿಲ್ಲಿಸಲೇ ಇಲ್ಲ.